ಎರವಲು ನೀರು

ಹಂಡೆಯ ತಳದಲ್ಲಿ ಒಂದು ಚೊಂಬಿನಷ್ಟು ಕೆಸರು ನೀರಿತ್ತು. ಅತ್ತೆ ಹಂಡೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ದೊಡ್ಡೋರು ಬರ್ತಾರಂತೆ. ತಳ ಕೆರೆದು ಕೊಡೋದೇನೇ? ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದೇ?"

ಬೆಳಗ್ಗೆಯೇ ಪಂಚಾಯಿತಿ ಗುಮಾಸ್ತ ಹೇಳಿಹೋಗಿದ್ದ. ಸರ್ಕಾರದ ಬರ ಸಮಿತಿಯ ಸಲಹೆಗಾರರು ಬರುತ್ತಾರೆ, ರಸ್ತೆ ಪಕ್ಕದ ಈ ಮನೆಯಲ್ಲೇ ಕೂರುತ್ತಾರೆ, ಊರಿನ ಮಾನ ತೆಗೀಬೇಡಿ.

ಸೊಸೆ ಕೊಡ ಹಿಡಿದು ಹೊರಟಳು. ಊರವರು ಅವಳನ್ನು ಮೂಗಿ ಅಂತಲೇ ಕರೆಯುತ್ತಿದ್ದರು. ಮಾತು ಬರುತ್ತಿತ್ತು, ಆಡುವುದು ಅಪರೂಪ, ಅಷ್ಟೆ.

ಬಡಗಿಯ ಹೆಂಡತಿ ಅರ್ಧ ಕೊಡ ಸುರಿದಳು. "ತಗೊಳ್ಳೇ ಮೂಗಿ. ನಮ್ಮ ಯಜಮಾನರಿಗೆ ಇವತ್ತೂ ಸ್ನಾನ ಇಲ್ಲ. ಮರದ ಹೊಟ್ಟಿನ ಜೊತೆ ಸಂಸಾರ ಮಾಡಿ ನನಗೂ ರೂಢಿಯಾಗಿದೆ."

ದರ್ಜಿಯ ತಾಯಿ ಕೊಟ್ಟಳು. ಎದುರುಮನೆಯ ಬಾಣಂತಿ, ಮಗುವಿಗೆಂದು ಮುಚ್ಚಿಟ್ಟಿದ್ದ ಬಿಂದಿಗೆಯನ್ನೇ ಎತ್ತಿಕೊಟ್ಟಳು. ಮನೆಗೆ ಬಂದವರ ಮುಂದೆ ಇಲ್ಲ ಅನ್ನುವುದು ಆ ಊರಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ಎಲ್ಲರ ನೀರು ಸೇರಿ ಹಂಡೆ ತುಂಬಿತು.

ಕೊಟ್ಟಿಗೆಯಲ್ಲಿ ಹಸು ಖಾಲಿ ಬಾನಿ ನೆಕ್ಕುತ್ತಿತ್ತು. ಊರು ಬರದ ಪಟ್ಟಿಗೆ ಸೇರಿದರೆ ಟ್ಯಾಂಕರ್ ನೀರು, ಮೇವು. ಸೇರದಿದ್ದರೆ ಹಸು ಕಟುಕನ ಪಾಲು ಎಂದು ಗಂಡ ಹೇಳಿಬಿಟ್ಟಿದ್ದ.

ಜೀಪು ಬಂತು. ಸಲಹೆಗಾರರು ನೀರು ಕುಡಿದರು, ಮುಖ ತೊಳೆದರು. ಶೂ ಮೇಲಿನ ಧೂಳಿಗೂ ಚೊಂಬುಗಟ್ಟಲೆ ಸುರಿದುಕೊಂಡರು. ಆಮೇಲೆ ಒಳಗೆ ಇಣುಕಿದರು.

"ಹಂಡೆ ತುಂಬಾ ಇದೆಯಲ್ಲಮ್ಮ! ನೀರಿಗೇನೂ ತೊಂದರೆ ಇಲ್ಲ ತಾನೇ?"

"ಏನೂ ಕೊರತೆ ಇಲ್ಲ ಸ್ವಾಮಿ. ನಿಮ್ಮಂಥೋರು ಬಂದಿದ್ದೇ ನಮ್ಮ ಭಾಗ್ಯ." ಹೇಳಿದ ಮೇಲೆ ಅತ್ತೆಯ ಮುಖ ಬಾಡಿತು.

ಸಲಹೆಗಾರರು ಗುಮಾಸ್ತನ ಕಡೆ ತಿರುಗಿದರು. "ಕೇಳಿದ್ರಲ್ಲ. ಪೈರು ಒಣಗಿದೆ, ನಿಜ. ಆದ್ರೆ ತೀವ್ರ ಬರ ಅಂತ ಶಿಫಾರಸು ಮಾಡೋಕಾಗಲ್ಲ."

"ಹೌದು ಸಾರ್," ಅಂದ ಗುಮಾಸ್ತ. ಅವನ ಹೆಂಡತಿಯೂ ಬೆಳಗ್ಗೆ ಊರಿನ ಒಣ ಬಾವಿಯಿಂದ ಬರಿಗೊಡ ಹೊತ್ತು ಬಂದಿದ್ದಳು.

ನಾಚಿಕೆಯಿಂದ ಸೊಸೆಯ ಕಿವಿ ಕಾದವು. ಬಾಣಂತಿಯ ಬಿಂದಿಗೆ ಹೊತ್ತ ಸೊಂಟ ಇನ್ನೂ ಒದ್ದೆಯಾಗಿತ್ತು. ತಮ್ಮ ಬಡತನ ಮುಚ್ಚಲು ಹೋಗಿ ಊರಿನ ಬಾಯಿಗೆ ಮಣ್ಣು ಹಾಕಿದ್ದಳು. ಜೀಪಿನ ಬಾಗಿಲು ತೆರೆಯಿತು. ಅವಳು ಬೀದಿಗೆ ಓಡಿದಳು.

"ಅಕ್ಕಾ! ಎಲ್ಲರೂ ಬನ್ರೀ! ನಿಮ್ಮ ನಿಮ್ಮ ನೀರು ತಗೊಂಡು ಹೋಗಿ!"

ಆ ಬೀದಿ ಅಂಥ ದನಿ ಕೇಳಿರಲಿಲ್ಲ. ಬಾಗಿಲುಗಳು ತೆರೆದವು.

"ಮಾನ ಕಳೀಬೇಡ ಕಣೇ!" ಅತ್ತೆ ಸೆರಗು ಬಾಯಿಗೊತ್ತಿದಳು.

"ಇರಲಿ ಅತ್ತೆ. ನೋಡಲಿ."

ಹಂಡೆಯನ್ನು ಅಂಗಳಕ್ಕೆ ಎಳೆದು ತಂದು ಮೊಗೆದಳು. "ಇದು ಬಡಗಿ ಮನೇದು. ಇದು ದರ್ಜಿ ಮನೇದು." ಹೆಂಗಸರು ತಲೆತಗ್ಗಿಸಿಕೊಂಡೇ ಕೊಡ ಒಡ್ಡಿದರು. ಕೊನೆಗೆ ಬಾಣಂತಿ ಬಂದಳು. ಚೊಂಬು ಹಂಡೆಯ ತಳಕ್ಕೆ ತಾಗಿ ಕಿರ್ ಅಂದಿತು. ಬಿಂದಿಗೆ ಅರ್ಧವೂ ತುಂಬಲಿಲ್ಲ.

"ಮಗುವಿನ ನೀರು ಸ್ವಾಮಿ. ಕಮ್ಮಿ ಬಿತ್ತು," ಅಂದಳು ಸೊಸೆ.

ಎಲ್ಲರೂ ಒದ್ದೆ ಶೂ ನೋಡಿದರು. ಸಲಹೆಗಾರರು ಕಾಲು ಹಿಂದೆಳೆದುಕೊಂಡರು.

"ಹೊರಡೋಣ ಸಾರ್," ಎಂದ ಗುಮಾಸ್ತ.

ಬಡಗಿಯ ಹೆಂಡತಿ ಜೀಪಿನ ಮುಂದೆ ಕೊಡ ಇಟ್ಟು ಪಕ್ಕದಲ್ಲೇ ಕೂತಳು. ದರ್ಜಿಯ ತಾಯಿ ಕೂತಳು. ಬಾಣಂತಿಯೂ ಕೂತಳು. ಆಮೇಲೆ ಅತ್ತೆ ಬರಿದಾದ ಹಂಡೆಯನ್ನು ಉರುಳಿಸಿಕೊಂಡು ಬಂದು ಚಕ್ರಕ್ಕೆ ಅಡ್ಡ ಇಟ್ಟಳು. ಹುಟ್ಟಿದಾಗಿನಿಂದ ಯಾವ ಅತಿಥಿಗೂ ಹೇಳದ ಮಾತು ಕಡೆಗೆ ಅವಳ ಬಾಯಿಂದ ಹೊರಗೆ ಬಂತು.

"ಇಲ್ಲ ಸ್ವಾಮಿ. ನಮ್ಮನೇಲಿ ನೀರಿಲ್ಲ."