ಮೊದಲ ಕೂಗಿಗೇ ಓ

"ಬಾಯಿ ಮುಚ್ಕಂಡು ಸುಲೀರೇ ಮುಂಡೇರಾ! ಗಳಿಗೆಗೊಂದ್ಸಲ ಏನ್ ಊಳಿಡ್ತೀರಾ?"

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಜಮೀನಿನ ಯಜಮಾನ ಜಯಪ್ರಕಾಶ. ನಾವು ಏಳು ಹೆಂಗಸರು ಬೆಳಕವಾಡಿ ಕಡೆಯ ಅವನ ಕಬ್ಬಿನೊಳಗೆ ಒಣ ಸೋಗೆ ಸುಲಿಯುತ್ತಿದ್ದೆವು. ಪಕ್ಕದ ಸಾಲಿನವಳೂ ಕಾಣುವುದಿಲ್ಲ, ಗಾಳಿಯಂತೂ ಒಳಗೆ ಬರುವುದೇ ಇಲ್ಲ. ಈಗೀಗ ಬಿಸಿಲು ಮನುಷ್ಯರನ್ನು ಕೆಡವುತ್ತದೆ. ಅದಕ್ಕೇ ಹೆಸರು ಕೂಗುವುದು. ಓ ಅನ್ನದವಳು ಬಿದ್ದಿದ್ದಾಳೆ ಎಂದರ್ಥ. ನಮ್ಮ ಡಾಕ್ಟರಿಕೆ ಅಷ್ಟೇ.

ಹೋದ ಬೇಸಿಗೆ ಅದೂ ಕೈಕೊಟ್ಟಿತು. ಮಟಮಟ ಮಧ್ಯಾಹ್ನ ಮೂರನೆಯ ಕೂಗಿಗೇ ಓಗೊಡಬೇಕು, ಮೊದಲೆರಡು ಸತ್ತವರದಿರಬಹುದು ಅನ್ನುವುದು ನಮ್ಮ ಕೇರಿಯ ನಂಬಿಕೆ. ಪಕ್ಕದ ಸಾಲಿನ ದೇವಿರಮ್ಮನನ್ನು ಕೂಗಿದೆ. ಸುಮ್ಮನಿದ್ದಳು. ಮೂರನೆಯದಕ್ಕೆ ಕಾಯುತ್ತಿದ್ದಾಳೆ ಎಂದುಕೊಂಡು ಇನ್ನರ್ಧ ಸಾಲು ಸುಲಿದೆ. ಹೋಗಿ ನೋಡಿದರೆ ಮೈಯಲ್ಲಿ ಹನಿ ಬೆವರಿಲ್ಲ, ಕಾದ ಹೆಂಚು. ಆಸ್ಪತ್ರೆ ತಲುಪಲಿಲ್ಲ. ಆ ಅರ್ಧ ಸಾಲು ಈಗಲೂ ನನ್ನ ಎದೆಯ ಮೇಲೆ ಕೂತಿದೆ. ಅಂದಿನಿಂದ ಮೊದಲ ಕೂಗಿಗೇ ಓ ಅನ್ನುತ್ತೇವೆ, ಕರೆದದ್ದು ದೆವ್ವವಾದರೂ ಸರಿ.

ಈಗ ಅವಳ ಜಾಗದಲ್ಲಿ ಮಗಳು ಸೌಮ್ಯ.

"ಇನ್ನೊಂದ್ಸಲ ಕೂಗುದ್ರೆ ನಾಳಿಂದ ಒಬ್ಳೂ ಬರಬ್ಯಾಡಿ," ಎಂದ ಜಯಪ್ರಕಾಶ. ಕೂಗದೆಯೇ ಅರ್ಧ ಸಾಲು ಸುಲಿದೆವು. ಆಮೇಲೆ ನನಗೆ ತಡೆಯಲಾಗಲಿಲ್ಲ.

"ಸೌಮ್ಯಾ..."

"ಓ."

ಕೈಯಲ್ಲಿದ್ದ ಕುಡುಗೋಲು ಬಿತ್ತು. ಅದು ದೇವಿರಮ್ಮನ ದನಿ.

ಓಡಿದೆ. ಸೌಮ್ಯ ಸಾಲಿನಲ್ಲಿ ಬೋರಲು ಬಿದ್ದಿದ್ದಳು, ಮೈ ಸುಡುತ್ತಿತ್ತು. ನನ್ನ ಚೀರಾಟಕ್ಕೆ ಎಲ್ಲರೂ ಬಂದರು.

"ಪಂಪ್‌ಸೆಟ್ ತೊಟ್ಟಿಗೆ ಇಳಿಸ್ರೇ!" ಎಂದಳು ನಮ್ಮೆಲ್ಲರಿಗಿಂತ ಹಿರಿಯಳಾದ ಚಿಕ್ಕಲಕ್ಷ್ಮಮ್ಮ.

ಆ ತೊಟ್ಟಿಯನ್ನು ನಮ್ಮ ಕೇರಿಯವರು ಮುಟ್ಟುವಂತಿರಲಿಲ್ಲ, ನಮ್ಮನ್ನು ಜಯಪ್ರಕಾಶ ಮುಟ್ಟುತ್ತಿರಲಿಲ್ಲ. ಕುಡಿಯುವುದಕ್ಕೂ ಅವನ ಆಳು ಮೇಲಿನಿಂದ ಬೊಗಸೆಗೆ ಸುರಿಯಬೇಕು. ಸೌಮ್ಯಳನ್ನು ಕತ್ತಿನವರೆಗೆ ಇಳಿಸಿದೆವು. ಜೊತೆಯ ನಾಗರತ್ನ ಆಂಬುಲೆನ್ಸಿಗೆ ಫೋನು ಮಾಡಿದಳು. ಅದು ಬರುವ ಮೊದಲೇ ಹುಡುಗಿಯನ್ನು ನೀರಿನಿಂದ ತೆಗೆದರೆ ಇನ್ನೊಂದು ಹೆಣ.

"ದೇವ್ರಿಗೆ ತಕಂಡೋಗೋ ನೀರು ಕಣ್ರೇ ಅದು! ಮೈಲಿಗೆ ಮಾಡುದ್ರಲ್ಲೇ ಬೋಸುಡೇರಾ! ಎತ್ರೇ ಆಚೆಗೆ!" ಎನ್ನುತ್ತ ಜಯಪ್ರಕಾಶ ಓಡಿ ಬಂದ.

ನಾವು ಅಲುಗಲಿಲ್ಲ. ಅವನು ಕೊಡೆ ಬಿಸಾಕಿ, ನೀರು ಬಿಟ್ಟುಬಿಡಲು ತೊಟ್ಟಿಯ ತಳದ ಬಿರಡೆಗೆ ಕೈ ಚಾಚಿದ.

ಚಿಕ್ಕಲಕ್ಷ್ಮಮ್ಮ ಸೀರೆ ಎತ್ತಿ ಕಟ್ಟಿ ಒಳಗಿಳಿದಳು. ಬಿರಡೆಯ ಮೇಲೆ ಪಾದ ಊರಿ ನಿಂತಳು. ಹಿಂದೆಯೇ ನಾನು, ನಾಗರತ್ನ, ಉಳಿದವರೆಲ್ಲ ಇಳಿದೆವು.

"ಕೀಳಪ್ಪಾ," ಎಂದಳು ಮುದುಕಿ. "ನನ್ ಕಾಲ್ ಇಡ್ಕಂಡು ಎತ್ತಿ, ಆಮ್ಯಾಕೆ ಕೀಳು."

ಅವನ ಕೈ ನೀರಿನ ಮೇಲೆ ನಿಂತುಬಿಟ್ಟಿತು.