ಬಂಗಲೆಯ ಗಿಡ್ಡ ಬಾಗಿಲು

ನನ್ನ ಕೆಲಸ ಖಾಯಂ ಆಗಲು ಎಂಟೇ ದಿನ ಬಾಕಿಯಿತ್ತು. ತೋಟದ ಹಳೇ ಬಂಗಲೆ ನೋಡಲು ಬರುವವರಿಗೆ ಅದರ ಚರಿತ್ರೆ ಹೇಳುವ ಕೆಲಸ. ಹದಿನಾರು ಕಂಬ, ಎರಡಡಿ ದಪ್ಪದ ಗೋಡೆ, ತೇಗದ ಮೆಟ್ಟಿಲು, ಮೂರು ಕಡೆ ಜಗಲಿ. ಎಲ್ಲಕ್ಕೂ ಮ್ಯಾನೇಜರ್ ಮಾತು ಬರೆದುಕೊಟ್ಟಿದ್ದರು, ಗಿಣಿಪಾಠ ಒಪ್ಪಿಸಿದರೆ ಸಾಕು. ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ, ಒಪ್ಪಿಸುತ್ತಿದ್ದೆ.

ಅಡುಗೆಮನೆಯಿಂದ ಊಟದ ಹಾಲ್‌ಗೆ ಗೋಡೆಗಳ ನಡುವೆ ಒಂದು ಸಂದಿಯಿದೆ. ಆಳುಗಳು ದೊರೆಗಳ ಕಣ್ಣಿಗೆ ಬೀಳದೆ ಓಡಾಡಲೆಂದು ಕಟ್ಟಿದ್ದು. ಅದರ ತುದಿಯ ಬಾಗಿಲು ನನ್ನ ಎದೆಮಟ್ಟಕ್ಕಿದೆ. ಅದಕ್ಕೆ ಬರೆದುಕೊಟ್ಟ ಮಾತು, 'ಆಗಿನ ಜನ ಗಿಡ್ಡಗಿದ್ದರು.' ಎರಡು ವರ್ಷ ಇದನ್ನು ನಗುನಗುತ್ತಾ ಹೇಳಿದ್ದೇನೆ. ನೆನೆದರೆ ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆ.

ನಮ್ಮಜ್ಜಿ ಆ ಬಾಗಿಲಲ್ಲಿ ಇಪ್ಪತ್ತೆಂಟು ವರ್ಷ ತಟ್ಟೆ ಹೊತ್ತವಳು. ಊರೆಲ್ಲ ಅವಳನ್ನು ಏಣಿ ಎನ್ನುತ್ತಿತ್ತು, ಅಷ್ಟು ಎತ್ತರ. ನಾನು ಕಂಡಾಗ ಬೆನ್ನು ಬಾಗಿ, ನೆಲ ನೋಡಿಕೊಂಡೇ ನಡೆಯುತ್ತಿದ್ದಳು. ಆಳುಗಳು ತಲೆಬಗ್ಗಿಸಿಯೇ ಒಳಗೆ ಬರಲಿ ಎಂದು ದೊರೆ ಬೇಕೆಂತಲೇ ಆ ಅಳತೆಗೆ ಮಾಡಿಸಿದ್ದನಂತೆ. ಥೂ!

ಮೊನ್ನೆ ಬಂದ ಗುಂಪಿನಲ್ಲಿ ಒಬ್ಬ ದರ್ಜಿ ಹೆಂಗಸಿದ್ದಳು. ನಾನು ಗಿಡ್ಡ ಜನರ ಮಾತು ಹೇಳುತ್ತಲೇ ಆ ಬಾಗಿಲನ್ನೂ, ದೊರೆ ಊಟಕ್ಕೆ ಬರುತ್ತಿದ್ದ ಎದುರಿನ ದೊಡ್ಡ ಬಾಗಿಲನ್ನೂ ಕಣ್ಣಲ್ಲೇ ಅಳೆದಳು.

"ಅಲ್ಲಮ್ಮಾ, ದೊರೆ ಬಾಗಿಲು ಒಂಬತ್ತಡಿ ಇದೆ. ಅವನೇನು ಆನೆ ಮೇಲೆ ಕೂತು ಊಟಕ್ಕೆ ಬರ್ತಿದ್ನಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಜ್ಜಿಯ ಕತೆಯನ್ನೆಲ್ಲ ಹೇಳಿಬಿಟ್ಟೆ. ಮುಗಿಸಿ ತಿರುಗಿದರೆ ಹಿಂದೆ ಮ್ಯಾನೇಜರ್ ನಿಂತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡೆ.

ಸಂಜೆ ಕರೆಸಿದರು. ಬೈಯಲಿಲ್ಲ, ಮುಖ ಅರಳಿತ್ತು.

"ಏನ್ ಚೆನ್ನಾಗ್ ಹೇಳಿದೆಯಮ್ಮಾ! ಇಬ್ಬರು ಅತ್ತೇಬಿಟ್ರು. ಇನ್ಮೇಲೆ ದಿನಾ ಇದನ್ನೇ ಹೇಳು, ಕೆಲಸ ಖಾಯಂ ಅಂತ ಈಗಲೇ ಬರ್ಕೊಡ್ತೀನಿ." ಕಪಾಟಿನಿಂದ ಒಂದು ಹಿತ್ತಾಳೆ ತಟ್ಟೆ ತೆಗೆದು ನನ್ನ ಕೈಗಿಟ್ಟರು. "ಇದನ್ನ ಹಿಡ್ಕೊಂಡು, ನಿಮ್ಮಜ್ಜಿ ಥರ ಸೊಂಟ ಬಗ್ಗಿಸಿ, ಆ ಬಾಗಿಲಿಂದ ಒಂದ್ಸಲ ಬಂದು ತೋರಿಸು. ಫೋಟೋ ಚೆನ್ನಾಗ್ ಬರುತ್ತೆ."

ಕೆಲಸದಿಂದ ತೆಗೆದಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಅಜ್ಜಿಯ ಬೆನ್ನಿನ ಸುದ್ದಿ ಎತ್ತಿ ಇವರ ಬಾಯಿಗೆ ಹಾಕಿದವಳು ನಾನೇ.

ತಟ್ಟೆಯನ್ನು ಅವರ ಕೈಗೇ ವಾಪಸು ಕೊಟ್ಟೆ.

"ನೀವೇ ಒಂದ್ಸಲ ಬಗ್ಗಿ ತೋರಿಸಿ ಸಾರ್. ನೋಡಿ ಕಲ್ತ್ಕೋತೀನಿ."

"ನಾನ್ಯಾಕಮ್ಮಾ ಬಗ್ಗಲಿ?" ಅಂದರು.

ಕೋಪವಿರಲಿಲ್ಲ, ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ನನ್ನ ಸೊಂಟದಲ್ಲಿದ್ದ ಬಂಗಲೆಯ ಕೀಲಿಗೊಂಚಲು ಬಿಚ್ಚಿ, ಅವರು ಹಿಡಿದಿದ್ದ ತಟ್ಟೆಯಲ್ಲಿಟ್ಟು ಬಂದೆ.