ನೆಟ್ಟಗಿದ್ದವಳ ರಕ್ತ

"ಹಲ್ಲು ಬೆಳ್ಳಗದಾವ, ನಡ ನೆಟ್ಟಗೈತಿ, ಒಳಗ ರಕ್ತ ಮಾತ್ರ ಕೆಟ್ಟೈತಿ. ಮುರುಕ ಬಂಡಿಗೆ ಬಣ್ಣ ಹಚ್ಚಿ ಮಾರಾಕ ಕುಂತೀಯೇನೋ ತಮ್ಮಾ?"

ವರನ ಸೋದರತ್ತೆ ಕಳಕಮ್ಮ ಹೀಗಂದಾಗ ಪಡಸಾಲೆಯಲ್ಲಿ ಇಪ್ಪತ್ತು ಮಂದಿ ಕೂತಿದ್ದರು. ಮಂಡಕ್ಕಿ ಸುಸಲದ ತಟ್ಟೆಗಳು ಅರ್ಧ ಖಾಲಿಯಾಗಿದ್ದವು, ಮಾತು ಗಟ್ಟಿಯಾದಾಗ ಹಂಚುವ ಸಕ್ಕರೆ ಇನ್ನೂ ಹಂಚಿರಲಿಲ್ಲ. ಯಲಬುರ್ಗಾ ಕಡೆಯ ಮಂಗಳೂರಿನಿಂದ ಅವರು ಬಂದದ್ದೇ ಅಮೃತಾಳ ಮದುವೆಯ ಮಾತು ಮುಗಿಸಲಿಕ್ಕೆ.

ಅಮೃತಾಳ ಅಣ್ಣ ಗಾಳೇಶ ದಡಕ್ಕನೆ ಎದ್ದ. "ಯಾರ ರಕ್ತ ಕೆಟ್ಟೈತಿ ಅಂತೀರಿ?"

"ನಿನ್ನ ತಂಗೀದು. ಕುಷ್ಟಗಿ ಕ್ಯಾಂಪಿನ್ಯಾಗ ನಡ ಬಾಗಿದವರ ಸಾಲಿನ್ಯಾಗ ಕುಂತು ರಕ್ತ ಕೊಟ್ಟಿಲ್ಲೇನು? ನಮ್ಮ ಹುಡುಗ ಕಣ್ಣಾರೆ ನೋಡ್ಯಾನ. ರೋಗ ಇಲ್ದಾಕಿ ಯಾಕ ಕೊಡ್ತಾಳ?"

ಕೊಟ್ಟದ್ದು ನಿಜ. ಕರೆದೊಯ್ದವನು ಗಾಳೇಶನೇ.

ಅಪ್ಪ ಗವಿಸಿದ್ದಪ್ಪನಿಗೆ ಐವತ್ತಕ್ಕೇ ಕುತ್ತಿಗೆ ತಿರುಗುತ್ತಿರಲಿಲ್ಲ. ಹಿಂದೆ ಯಾರೋ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು. ಬೋರಿನ ಫ್ಲೋರೈಡ್ ನೀರು ಎಲುಬಿಗೆ ಇಳಿದಿತ್ತು. ನೋಡಲು ಬಂದ ಅಧಿಕಾರಿಗಳೆಲ್ಲ ಫೋಟೋ ಹೊಡೆದುಕೊಂಡು ಹೋದರು. ಏಳನೇ ಇಯತ್ತೆಗೆ ಸಾಲಿ ಬಿಟ್ಟು ಟ್ರ್ಯಾಕ್ಟರ್ ಹಿಡಿದ ಗಾಳೇಶ ಅವರಲ್ಲಿ ಒಬ್ಬರನ್ನೂ ಬೈಯದೆ ಕಳಿಸಿದವನಲ್ಲ. ಆದರೆ ಶ್ರಾವಣದಲ್ಲಿ ಬಂದ ಡಾಕ್ಟರಮ್ಮ ಬೇರೆಯೇ ಮಾತಾಡಿದಳು.

"ಒಂದೇ ಮನೆ, ಒಂದೇ ನೀರು. ಒಬ್ಬರ ಎಲುಬು ಸೆಟೆದುಕೊಳ್ಳುತ್ತೆ, ಇನ್ನೊಬ್ಬರದು ಇಲ್ಲ. ಜೀನುಗಳು ಎಲ್ಲರ ಮೈಯಲ್ಲೂ ಇರ್ತವೆ. ಕೆಲವು ಕೆಲಸಕ್ಕಿಳೀತವೆ, ಕೆಲವು ಸುಮ್ಮನಿರ್ತವೆ. ನೀರಿನ ಫ್ಲೋರೈಡ್ ಯಾವುದನ್ನ ಎಬ್ಬಿಸ್ತಿದೆ ಅಂತ ನೋಡಬೇಕು. ನಿಮ್ಮಪ್ಪನ ಜೊತೆ ಅದೇ ಮನೆಯ ಆರೋಗ್ಯವಂತರು ಒಬ್ಬರು ಬೇಕು."

ಆ ನೀರಿಗೆ ಗಾಳೇಶನ ಹಲ್ಲಿನ ಮೇಲೂ ಕಂದು ಪಟ್ಟೆ ಎದ್ದಿದ್ದವು. ಅಮೃತಾ ಮಾತ್ರ ಒಂಬತ್ತು ವರ್ಷದವರೆಗೆ ಆನೆಗೊಂದಿಯಲ್ಲಿ ಅಜ್ಜಿ ಮುದಕಮ್ಮನ ಹತ್ತಿರ ಹೊಳೆ ನೀರು ಕುಡಿದು ಬೆಳೆದವಳು, ಹಲ್ಲು ಬೆಳ್ಳಗೇ ಉಳಿದಿದ್ದವು. "ನಮ್ಮ ತಂಗಿ ಅದಾಳ್ರಿ!" ಎಂದು ಎದೆಯುಬ್ಬಿಸಿ ಹೇಳಿದ್ದ. ಸೂಜಿಗೆ ಅಂಜಿದವಳನ್ನು "ಅಪ್ಪನ ಸಲುವಾಗಿ ಬಾರವಾ" ಎಂದು ಒಪ್ಪಿಸಿ ಕುಷ್ಟಗಿ ಕ್ಯಾಂಪಿಗೆ ಹೊರಡಿಸಿದ್ದ. ಫಾರ್ಮಿನಲ್ಲಿ 'ಆರೋಗ್ಯವಂತಳು' ಎಂದು ತನ್ನ ಸೊಟ್ಟ ಅಕ್ಷರದಲ್ಲಿ ತಾನೇ ಬರೆದಿದ್ದ.

ಈಗ ಅದನ್ನೆಲ್ಲ ಬಿಡಿಸಿ ಹೇಳಿದರೆ ಕೇಳುವವರ್ಯಾರು? ಊರ ಬಾಯಿಗೆ ಅಗಸೆ ಬಾಗಿಲು ಹಾಕಿದವರುಂಟೇ?

"ಹಂಗಾರ ರೋಗ ಇಲ್ಲ ಅಂತ ಆ ಡಾಕ್ಟರ್ ಕಡಿಂದ ಬರಿಸ್ಕೊಂಡು ಬಾ," ಎಂದು ಕಳಕಮ್ಮ ಸೆರಗು ಕೊಡವಿ ಎದ್ದಳು. "ಅವತ್ತ ಬಂದು ಸಕ್ಕರಿ ತಿಂತೀವಿ."

ಮರುದಿನ ಮುಂಜಾನೆಯೇ ಗಾಳೇಶ ಬೈಕು ಹತ್ತಿ ಕೊಪ್ಪಳಕ್ಕೆ, ಡಾಕ್ಟರಮ್ಮನ ಹತ್ತಿರ ಹೋದ.

"ಒಂದ ಸಾಲು ಬರೀರಿ ಮೇಡಂ. ಆಕಿಗೆ ಏನೂ ಇಲ್ಲ ಅಂತ."

ಡಾಕ್ಟರಮ್ಮ ಕುರ್ಚಿ ಎಳೆದು ಅವನನ್ನು ಕೂರಿಸಿದಳು. "ಯಾವ ರಕ್ತದ ಸೀಸೆ ಯಾರದು ಅಂತ ನಮಗೇ ಗೊತ್ತಾಗೋದಿಲ್ಲ ಗಾಳೇಶ. ಬರೀ ನಂಬರ್ ಇರುತ್ತೆ. ಗೊತ್ತಾದರೂ ಹಾಗೆ ಬರೆಯಲಾರೆ. ನೆಟ್ಟಗಿದ್ದವರ ರಕ್ತದಲ್ಲೂ ಕೆಲವರಲ್ಲಿ ಆ ಜೀನುಗಳು ಆಗಲೇ ಕೆಲಸ ಶುರು ಮಾಡಿವೆ. ಮುಂದೆ ಯಾರ ಎಲುಬಿಗೆ ಏನಾಗುತ್ತೋ ಹೇಳೋಕೆ ಬರೋದಿಲ್ಲ. ಮೊದಲು ಆ ನೀರು ಬಿಡಿ."

"ಬಿಟ್ಟು ಏನ್ ಕುಡೀಬೇಕ್ರಿ? ನಿಮ್ಮ ಮಾತು ಕುಡೀಬೇಕೇನು?" ಎಂದು ಕೂಗಿದ. ಹೊರಬಂದು ಬೈಕಿಗೆ ಒರಗಿ, ಬಸ್ಸಿಗೆ ಕಾಯುತ್ತಿದ್ದವರ ಎದುರಿನಲ್ಲೇ ಅತ್ತ.

ಊರಿಗೆ ಬಂದಾಗ ಅಮೃತಾ ನಳದ ಕಟ್ಟೆಯಲ್ಲಿ ಅದೇ ಬೋರಿನ ನೀರು ತುಂಬುತ್ತಿದ್ದಳು. ಅಣ್ಣನ ಮುಖ ಕಂಡದ್ದೇ ನಳ ಬಂದ್ ಮಾಡಿದಳು. ಮದುವೆಯ ಮಾತು ಕೇಳಲಿಲ್ಲ.

"ಯಣ್ಣಾ, ಆ ಕಳಕಮ್ಮ ಹಾಳಾಗಿ ಹೋಗ್ಲಿ ಬಿಡು. ನನಗೊಂದು ಖರೇ ಹೇಳು," ಅಂದಳು ಮೆಲ್ಲಗೆ. "ಎರಡು ತಿಂಗಳಾತು, ಮುಂಜಾನಿ ಏಳೂವಾಗ ಮಣಕಾಲು ಹಿಡೀತಾವ. ನೀ ನೊಂದ್ಕೋತಿ ಅಂತ ಹೇಳಿದ್ದಿಲ್ಲ. ನನ್ನ ರಕ್ತದಾಗ ಏನರ ಐತೇನು?"

ಇಲ್ಲ ಎಂದು ಸುಳ್ಳಾದರೂ ಹೇಳಬಹುದಿತ್ತು. ಗಾಳೇಶ ಅವಳನ್ನು ಕಟ್ಟೆಯ ಮೇಲೆಯೇ ಬಿಟ್ಟು, ತಲೆ ತಗ್ಗಿಸಿ, ಓಣಿಯುದ್ದಕ್ಕೂ ನಡೆದುಬಿಟ್ಟ.